ಹಸ್ತಪ್ರತಿ ಸೂಚಿಯ ಗಣಕಕೋಷ್ಟಕಗಳಲ್ಲಿ ಅಂಕಣ ನಿರ್ಬಂಧಗಳು: ಒಂದು ವಿವೇಚನೆ

ಜೈನ ಗ್ರಂಥಭಂಡಾರಗಳ ಸೂಚಿಗಳನ್ನು ಸಿದ್ಧಪಡಿಸುವ ಕಾರ್ಯಕ್ಕೆ ದೀರ್ಘವಾದ ಪರಂಪರೆಯಿದೆ. 1944ರಲ್ಲಿ ಪುಣೆಯಿಂದ ಪ್ರಕಟವಾದ ಎಚ್. ಡಿ. ವೇಲಣಕರರ ‘ಜಿನರತ್ನಕೋಶ’ವನ್ನೂ, 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠವು ಹೊರತಂದ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯನ್ನೂ ಬಳಸದ ಸಂಶೋಧಕರು ವಿರಳ. ಕೃತಿ, ಕರ್ತೃ, ಭಾಷೆ, ಲಿಪಿ, ಪತ್ರಸಂಖ್ಯೆ, ಪ್ರತಿಯ ಸ್ಥಿತಿ ಮುಂತಾದ ವಿವರಗಳನ್ನು ನಿಯತವಾದ ಸ್ಥಾನಗಳಲ್ಲಿ ನಮೂದಿಸುವ ಕ್ರಮ ಇಂತಹ ಸೂಚಿಗಳಿಂದ ರೂಢವಾಯಿತು. ಮುದ್ರಿತ ಸೂಚಿಯಲ್ಲಿ ಒಂದು ಸ್ಥಾನ ಬರಿದಾಗಿದ್ದರೆ, ಅಥವಾ ಅಲ್ಲಿ ಪ್ರಶ್ನಾರ್ಥಕ ಚಿಹ್ನೆಯೊಂದಿದ್ದರೆ, ಓದುವ ವಿದ್ವಾಂಸನು ತನ್ನ ವಿವೇಕದಿಂದ ಅದರ ಅರ್ಥವನ್ನು ಗ್ರಹಿಸುತ್ತಾನೆ. ಅದೇ ಸೂಚಿಯನ್ನು ಗಣಕಯಂತ್ರಕ್ಕೆ ಏರಿಸಿದಾಗ ಈ ಸೌಕರ್ಯ ಉಳಿಯುವುದಿಲ್ಲ. ಯಂತ್ರವು ಎಣಿಸುತ್ತದೆ, ಹೋಲಿಸುತ್ತದೆ, ವಿಂಗಡಿಸುತ್ತದೆ, ಊಹಿಸುವುದಿಲ್ಲ. ಆದುದರಿಂದ ಯಾವ ಅಂಕಣದಲ್ಲಿ ಏನು ಬರಬಹುದು, ಏನು ಬರಬಾರದು ಎಂಬುದನ್ನು ಮೊದಲೇ ವಿಧಿಸಬೇಕಾಗುತ್ತದೆ. ಈ ವಿಧಿಗೆ ‘ಅಂಕಣ ನಿರ್ಬಂಧ’ ಎಂದು ಹೆಸರು.

ಇಂದು ಅನೇಕ ಭಂಡಾರಗಳ ಸೂಚಿಗಳು ಗಣಕೀಕೃತವಾಗುತ್ತಿವೆ. 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನ ಆರಂಭವಾದ ಮೇಲೆ ಈ ಕಾರ್ಯಕ್ಕೆ ವೇಗ ಬಂದಿತು. ಕೋಷ್ಟಕಗಳ ರಚನೆಯನ್ನು ಸಾಮಾನ್ಯವಾಗಿ ತಂತ್ರಜ್ಞರಿಗೆ ಒಪ್ಪಿಸುವುದು ರೂಢಿ. ತಂತ್ರಜ್ಞರಿಗೆ ಪುಷ್ಪಿಕೆಯ ಸ್ವರೂಪ ತಿಳಿಯದು, ಪಂಡಿತರಿಗೆ ನಿರ್ಬಂಧದ ಸ್ವರೂಪ ತಿಳಿಯದು. ಈ ನಡುವಣ ಅವಕಾಶದಲ್ಲಿ ಸುಳ್ಳು ದಾಖಲೆಗಳು ಹುಟ್ಟುತ್ತವೆ. ‘ಲಿಪಿಕಾಲ’ ಎಂಬ ಅಂಕಣವನ್ನು ಬರಿದಾಗಿ ಬಿಡಕೂಡದೆಂದು ವಿಧಿಸಿದಲ್ಲಿ, ಕಾಲನಿರ್ದೇಶವೇ ಇಲ್ಲದ ಓಲೆಗರಿಯ ಕಟ್ಟನ್ನು ಕೈಯಲ್ಲಿ ಹಿಡಿದ ಸೂಚಿಕಾರನು ಮಾಡುವುದೇನು? ಸೊನ್ನೆಯನ್ನೋ ‘1000’ ಎಂಬ ಸಂಖ್ಯೆಯನ್ನೋ ತುಂಬಿ ಮುಂದಿನ ಪ್ರತಿಗೆ ಹೋಗುತ್ತಾನೆ. ಹತ್ತು ವರ್ಷಗಳ ಅನಂತರ ಮತ್ತೊಬ್ಬರು ಆ ಸೂಚಿಯಿಂದ ಪ್ರಾಚೀನ ಪ್ರತಿಗಳನ್ನು ಆರಿಸುವಾಗ ಆ ಕಟ್ಟು ಮೊದಲ ಸಾಲಿನಲ್ಲಿ ಬಂದು ನಿಲ್ಲುತ್ತದೆ. ಇಲ್ಲಿ ದೋಷ ಸೂಚಿಕಾರನದ್ದಲ್ಲ, ನಿರ್ಬಂಧದ್ದು.

ಈ ಕಾರಣದಿಂದ ಒಂದು ವಿವೇಕವನ್ನು ಆರಂಭದಲ್ಲಿಯೇ ಹೇಳುವುದು ಯುಕ್ತ. ನಿರ್ಬಂಧವು ಸೂಚಿಕಾರನ ನಿರ್ಣಯವನ್ನು ಕಟ್ಟಬೇಕು; ಪ್ರತಿಯ ಸಾಕ್ಷ್ಯವನ್ನು ಕಟ್ಟಬಾರದು. ಪ್ರತಿಯಲ್ಲಿ ಇದ್ದುದನ್ನು ಇದ್ದಂತೆ ಬರೆದುಕೊಳ್ಳುವ ಅಂಕಣ ಬೇರೆ, ಅದರಿಂದ ಸೂಚಿಕಾರನು ತೀರ್ಮಾನಿಸಿದುದನ್ನು ಬರೆಯುವ ಅಂಕಣ ಬೇರೆ. ಮೊದಲನೆಯದು ಸಡಿಲವಾಗಿರಬೇಕು, ಎರಡನೆಯದು ಬಿಗಿಯಾಗಿರಬೇಕು. ಗ್ರಂಥಸಂಪಾದನೆಯಲ್ಲಿ ಮೂಲಪಾಠವನ್ನೂ ಸಂಪಾದಕನ ಪರಿಷ್ಕಾರವನ್ನೂ ಬೇರೆಬೇರೆಯಾಗಿ ತೋರಿಸುವ ಶಿಸ್ತು ವಿದ್ವಾಂಸರಿಗೆ ಹೊಸದಲ್ಲ. ಕೋಷ್ಟಕಕ್ಕೂ ಅದೇ ಶಿಸ್ತು ಅನ್ವಯಿಸುತ್ತದೆ.

ಈ ಕೋಷ್ಟಕಗಳನ್ನು ರಚಿಸುವ ಭಾಷೆಯ ಹೆಸರು ಎಸ್‌ಕ್ಯೂಎಲ್. 1970ರಲ್ಲಿ ಐಬಿಎಂ ಸಂಸ್ಥೆಯ ಇ. ಎಫ್. ಕಾಡ್ ಎಂಬ ಗಣಿತಜ್ಞರು ದತ್ತಾಂಶಗಳನ್ನು ಸಂಬಂಧಗಳ ರೂಪದಲ್ಲಿ, ಎಂದರೆ ಕೋಷ್ಟಕಗಳ ರೂಪದಲ್ಲಿ, ನಿರೂಪಿಸುವ ಸಿದ್ಧಾಂತವನ್ನು ಮಂಡಿಸಿದರು. 1974ರಲ್ಲಿ ಅದೇ ಸಂಸ್ಥೆಯ ಚೇಂಬರ್ಲಿನ್ ಮತ್ತು ಬಾಯ್ಸ್ ಎಂಬವರು ಈ ಸಿದ್ಧಾಂತಕ್ಕೆ ಅನುಗುಣವಾದ ಭಾಷೆಯನ್ನು ‘ಸೀಕ್ವೆಲ್’ ಎಂಬ ಹೆಸರಿನಿಂದ ರೂಪಿಸಿದರು. 1986ರಲ್ಲಿ ಅಮೆರಿಕದಲ್ಲಿ ಇದಕ್ಕೆ ಮಾನಕರೂಪ ದೊರೆಯಿತು. ನಿರ್ಬಂಧಗಳ ಬಹುಭಾಗ ಮಾನಕದೊಳಕ್ಕೆ ಬಂದುದು 1989 ಮತ್ತು 1992ರ ಪರಿಷ್ಕರಣಗಳಲ್ಲಿ. ಇತಿಹಾಸ ಇಷ್ಟು ಸಾಕು.

ಹಸ್ತಪ್ರತಿಗಳಿಗಾಗಿ ರಚಿಸಬಹುದಾದ ಒಂದು ಕೋಷ್ಟಕದ ಮಾದರಿಯನ್ನು ಕೆಳಗೆ ಕೊಡಲಾಗಿದೆ. ಯಂತ್ರದಲ್ಲಿ ಆಜ್ಞಾಪದಗಳನ್ನು ರೋಮನ್ ಲಿಪಿಯಲ್ಲಿ ಬರೆಯಬೇಕು. ಇಲ್ಲಿ ಓದುವ ಸೌಲಭ್ಯಕ್ಕಾಗಿ ಅವುಗಳ ಉಚ್ಚಾರಣೆಯನ್ನು ಕನ್ನಡದಲ್ಲಿ ತೋರಿಸಿದೆ.

ಕ್ರಿಯೇಟ್ ಟೇಬಲ್ ಪ್ರತಿ (
ಪ್ರತಿಸಂಖ್ಯೆ ಇಂಟಿಜರ್ ಪ್ರೈಮರಿ ಕೀ,
ಭಂಡಾರ ಇಂಟಿಜರ್ ನಾಟ್ ನಲ್ ರೆಫರೆನ್ಸಸ್ ಭಂಡಾರಗಳು (ಭಂಡಾರಸಂಖ್ಯೆ),
ಕಟ್ಟಿನ_ಗುರುತು ಟೆಕ್ಸ್ಟ್,
ಗರಿಗಳು ಇಂಟಿಜರ್ ಚೆಕ್ (ಗರಿಗಳು > 0),
ಕಾಲಸ್ಥಿತಿ ಟೆಕ್ಸ್ಟ್ ನಾಟ್ ನಲ್ ಚೆಕ್ (ಕಾಲಸ್ಥಿತಿ ಇನ್ ('ಉಕ್ತ', 'ಅನುಕ್ತ', 'ಲುಪ್ತ', 'ಅಪಠಿತ')),
ಉಕ್ತಪಾಠ ಟೆಕ್ಸ್ಟ್,
ನಿರ್ಣೀತಶಕ ಇಂಟಿಜರ್,
ಗಣನೆ ಟೆಕ್ಸ್ಟ್ ಚೆಕ್ (ಗಣನೆ ಇನ್ ('ಗತ', 'ವರ್ತಮಾನ')),
ಸಂವತ್ಸರ ಇಂಟಿಜರ್ ಚೆಕ್ (ಸಂವತ್ಸರ ಬಿಟ್ವೀನ್ 1 ಆಂಡ್ 60),
ಮಾತೃಕೆ ಇಂಟಿಜರ್ ರೆಫರೆನ್ಸಸ್ ಪ್ರತಿ (ಪ್ರತಿಸಂಖ್ಯೆ),
ಯೂನಿಕ್ (ಭಂಡಾರ, ಕಟ್ಟಿನ_ಗುರುತು)
)

ಪ್ರತಿ ಸಾಲಿನಲ್ಲಿ ಮೊದಲು ಅಂಕಣದ ಹೆಸರು, ಬಳಿಕ ಅದರ ಜಾತಿ, ಎಂದರೆ ಪೂರ್ಣಾಂಕವೋ ಪಠ್ಯವೋ ಎಂಬುದು, ಬಳಿಕ ನಿರ್ಬಂಧ. ಒಂದೇ ಅಂಕಣಕ್ಕೆ ಸಂಬಂಧಿಸಿದ ನಿರ್ಬಂಧವನ್ನು ಆ ಅಂಕಣದ ಸಾಲಿನಲ್ಲಿಯೇ ಬರೆಯಬಹುದು. ಎರಡು ಮೂರು ಅಂಕಣಗಳ ಪರಸ್ಪರ ಸಂಬಂಧವನ್ನು ಹೇಳುವ ನಿರ್ಬಂಧವನ್ನು ಕೊನೆಯಲ್ಲಿ ಪ್ರತ್ಯೇಕವಾಗಿ ಬರೆಯುವುದು ವಾಡಿಕೆ. ಕೊನೆಯ ಸಾಲಿನ ‘ಯೂನಿಕ್’ ಅಂತಹದು.

ಮೊದಲು ‘ನಾಟ್ ನಲ್’ ಎಂಬುದನ್ನು ವಿಚಾರಿಸಬೇಕು. ಏಕೆಂದರೆ ಹಸ್ತಪ್ರತಿಗಳ ವಿಷಯದಲ್ಲಿ ಅತ್ಯಂತ ಹೆಚ್ಚು ಹಾನಿ ಇದರಿಂದಲೇ ಆಗುತ್ತದೆ. ಅಂಕಣದಲ್ಲಿ ಯಾವ ಮೌಲ್ಯವನ್ನೂ ಇಡದಿದ್ದಾಗ ಆ ಸ್ಥಾನವನ್ನು ‘ನಲ್’ ಎನ್ನುತ್ತಾರೆ. ಇದು ಸೊನ್ನೆಯಲ್ಲ, ಬರಿದಾದ ಪಠ್ಯವೂ ಅಲ್ಲ. (ಒರಾಕಲ್ ತಂತ್ರಾಂಶ ಮಾತ್ರ ಬರಿದಾದ ಪಠ್ಯವನ್ನೂ ನಲ್ ಎಂದೇ ಎಣಿಸುತ್ತದೆ, ಅದನ್ನು ಬಳಸುವವರು ನೆನಪಿನಲ್ಲಿಡಬೇಕು.) ನಲ್ ಇರುವ ಸ್ಥಾನವನ್ನು ಯಾವುದಾದರೊಂದು ಮೌಲ್ಯದೊಡನೆ ಹೋಲಿಸಿದರೆ ಫಲ ‘ಸತ್ಯ’ವೂ ಅಲ್ಲ, ‘ಅಸತ್ಯ’ವೂ ಅಲ್ಲ, ‘ಅಜ್ಞಾತ’ ಎಂಬ ಮೂರನೆಯ ಫಲ ಹುಟ್ಟುತ್ತದೆ. ನಲ್ಲನ್ನು ನಲ್ಲಿನೊಡನೆ ಹೋಲಿಸಿದರೂ ಫಲ ಅಜ್ಞಾತವೇ. ಶಕ 1500ಕ್ಕೆ ಹಿಂದಿನ ಪ್ರತಿಗಳನ್ನು ಕೊಡು ಎಂದು ಕೇಳಿದರೆ ಕಾಲ ತಿಳಿಯದ ಪ್ರತಿಗಳು ಬರುವುದಿಲ್ಲ. ಶಕ 1500ಕ್ಕೆ ಹಿಂದಿನವಲ್ಲದ ಪ್ರತಿಗಳನ್ನು ಕೊಡು ಎಂದರೂ ಅವು ಬರುವುದಿಲ್ಲ. ಎರಡು ಪಟ್ಟಿಗಳನ್ನು ಕೂಡಿಸಿ ಇದೇ ಭಂಡಾರದ ಒಟ್ಟು ಸಂಖ್ಯೆ ಎಂದು ಭಾವಿಸುವವರು ಮೋಸಹೋಗುತ್ತಾರೆ.

ಈ ಮೂರನೆಯ ಫಲವನ್ನು ಸಪ್ತಭಂಗಿಯ ‘ಸ್ಯಾದವಕ್ತವ್ಯ’ಕ್ಕೆ ಹೋಲಿಸುವ ಆಸೆ ಜೈನ ವಿದ್ವಾಂಸರಲ್ಲಿ ಹುಟ್ಟುವುದು ಸಹಜ. ಆದರೆ ಹೋಲಿಕೆ ನಿಲ್ಲುವುದಿಲ್ಲ. ಅವಕ್ತವ್ಯವೆಂಬುದು ವಸ್ತುವಿನ ಅಸ್ತಿತ್ವ ನಾಸ್ತಿತ್ವಗಳೆರಡನ್ನೂ ಏಕಕಾಲದಲ್ಲಿ ಒಂದೇ ಶಬ್ದದಿಂದ ಹೇಳಲಾಗದ ಸ್ಥಿತಿ; ಅಲ್ಲಿ ಜ್ಞಾನದ ಕೊರತೆಯಿಲ್ಲ, ವಚನದ ಅಶಕ್ತಿ ಮಾತ್ರ ಇದೆ. ನಲ್ ಎಂಬುದು ಹಾಗಲ್ಲ. ಅದು ದಾಖಲೆಯ ಅಭಾವ ಮಾತ್ರ. ಆ ಅಭಾವದ ಕಾರಣವನ್ನು ಕೂಡ ಅದು ಹೇಳುವುದಿಲ್ಲ.

ಕಾರಣವನ್ನು ಹೇಳದಿರುವುದೇ ಸೂಚಿಕಾರನಿಗೆ ದೊಡ್ಡ ತೊಡಕು. ಒಂದು ಪ್ರತಿಯಲ್ಲಿ ಲಿಪಿಕಾರನು ಕಾಲವನ್ನು ಹೇಳಿಯೇ ಇಲ್ಲ. ಇನ್ನೊಂದರಲ್ಲಿ ಹೇಳಿರಬಹುದು, ಆದರೆ ಕೊನೆಯ ಗರಿ ನಷ್ಟವಾಗಿದೆ. ಮತ್ತೊಂದರಲ್ಲಿ ಗರಿ ಇದೆ, ಮಸಿ ಹಾಕದ ಕಾರಣ ಕಂಟದ ಗೆರೆ ಕಾಣದು. ಒಳ್ಳೆಯ ಬೆಳಕಿನಲ್ಲಿ ಮತ್ತೊಬ್ಬರು ಓದಿಯಾರು. ಈ ಮೂರನ್ನೂ ಒಂದೇ ನಲ್ಲಿನಲ್ಲಿ ಅಡಗಿಸಿದರೆ ಮುಂದೆ ಯಾವ ಕಟ್ಟನ್ನು ಪುನಃ ಬಿಚ್ಚಿ ನೋಡಬೇಕೆಂಬುದು ತಿಳಿಯುವುದಿಲ್ಲ. ಆದುದರಿಂದ ಮಾದರಿಯಲ್ಲಿ ‘ಕಾಲಸ್ಥಿತಿ’ ಎಂಬ ಪ್ರತ್ಯೇಕ ಅಂಕಣವನ್ನು ಇಟ್ಟು, ಅದಕ್ಕೆ ಉಕ್ತ, ಅನುಕ್ತ, ಲುಪ್ತ, ಅಪಠಿತ ಎಂಬ ನಾಲ್ಕೇ ಮೌಲ್ಯಗಳನ್ನು ವಿಧಿಸಿದೆ. ‘ನಾಟ್ ನಲ್’ ಎಂಬ ಬಿಗಿ ಈ ಅಂಕಣಕ್ಕೆ ಸಲ್ಲುತ್ತದೆ. ಪ್ರತಿಯನ್ನು ನೋಡಿದವನು ಈ ನಾಲ್ಕರಲ್ಲೊಂದನ್ನು ಹೇಳಲೇಬೇಕು, ಹೇಳಬಲ್ಲ. ಕಾಲದ ಅಂಕಣಗಳಿಗೆ ಆ ಬಿಗಿ ಬೇಡ. ಅವೆರಡನ್ನೂ ಜೋಡಿಸುವ ನಿರ್ಬಂಧವೊಂದನ್ನು ಕೊನೆಯಲ್ಲಿ ಸೇರಿಸಬಹುದು: ಸ್ಥಿತಿ ‘ಉಕ್ತ’ವಾದರೆ ‘ಉಕ್ತಪಾಠ’ದಲ್ಲಿ ಪುಷ್ಪಿಕೆಯ ಮಾತುಗಳು ಇರಲೇಬೇಕು, ‘ಅನುಕ್ತ’ವಾದರೆ ಅದು ನಲ್ ಆಗಿರಲೇಬೇಕು. ಸ್ಥಿತಿ ‘ಉಕ್ತ’ವಾದರೆ ಶಕವರ್ಷವೂ ಇರಲೇಬೇಕೆಂದು ವಿಧಿಸಿದರೆ ಮಾತ್ರ ತಪ್ಪಾಗುತ್ತದೆ. ಬರಿಯ ಸಂವತ್ಸರ, ಮಾಸ, ತಿಥಿ, ವಾರಗಳನ್ನು ಹೇಳಿ ಶಕವರ್ಷವನ್ನು ಬಿಟ್ಟ ಲಿಪಿಕಾರರು ಬಹಳ ಮಂದಿ.

‘ಯೂನಿಕ್’ ಎಂಬುದು ಅನನ್ಯತೆಯ ನಿರ್ಬಂಧ. ಒಂದೇ ಮೌಲ್ಯ ಎರಡು ಸಾಲುಗಳಲ್ಲಿ ಬರಕೂಡದೆಂಬ ವಿಧಿ. ಕೃತಿಗಳ ಕೋಷ್ಟಕದಲ್ಲಿ ಕೃತಿನಾಮಕ್ಕೆ, ಕರ್ತೃಗಳ ಕೋಷ್ಟಕದಲ್ಲಿ ಕರ್ತೃನಾಮಕ್ಕೆ ಈ ವಿಧಿಯನ್ನು ಹಾಕುವುದು ತಂತ್ರಜ್ಞರಿಗೆ ಸಹಜವಾಗಿ ತೋರುತ್ತದೆ. ಜೈನ ಸಾಹಿತ್ಯದಲ್ಲಿ ಇದು ಸಲ್ಲದು. ಶಕ 705ರಲ್ಲಿ ‘ಹರಿವಂಶಪುರಾಣ’ವನ್ನು ರಚಿಸಿದ ಪುನ್ನಾಟ ಸಂಘದ ಜಿನಸೇನರು ಬೇರೆ; ವೀರಸೇನರ ಶಿಷ್ಯರಾಗಿ ಶಕ 759ರಲ್ಲಿ ‘ಜಯಧವಲಾ’ ಟೀಕೆಯನ್ನು ಪೂರ್ಣಗೊಳಿಸಿದ, ‘ಆದಿಪುರಾಣ’ದ ಕರ್ತೃಗಳಾದ ಜಿನಸೇನರು ಬೇರೆ. ಹೆಸರಿಗೆ ಅನನ್ಯತೆಯನ್ನು ವಿಧಿಸಿದರೆ ಎರಡನೆಯ ಜಿನಸೇನರಿಗೆ ಕೋಷ್ಟಕದಲ್ಲಿ ಪ್ರವೇಶವೇ ಇಲ್ಲ. ಅವಸರದ ಸೂಚಿಕಾರನು ಇಬ್ಬರ ಕೃತಿಗಳನ್ನೂ ಒಬ್ಬರ ತಲೆಗೆ ಕಟ್ಟುವನು. ‘ಧರ್ಮಾಮೃತ’ವೆಂಬ ಹೆಸರು ನಯಸೇನನ ಕನ್ನಡ ಕೃತಿಗೂ ಉಂಟು, ಪಂಡಿತ ಆಶಾಧರರ ಸಂಸ್ಕೃತ ಕೃತಿಗೂ ಉಂಟು. ‘ಆದಿಪುರಾಣ’ವು ಜಿನಸೇನರದೂ ಹೌದು, ಪಂಪನದೂ ಹೌದು. ಇದಕ್ಕೆ ವಿರುದ್ಧವಾದ ತೊಡಕೂ ಇದೆ. ‘ಮಹಾಬಂಧ’ವೇ ‘ಮಹಾಧವಲ’, ‘ಗೊಮ್ಮಟಸಾರ’ಕ್ಕೆ ‘ಪಂಚಸಂಗ್ರಹ’ವೆಂಬ ನಾಮಾಂತರವುಂಟು, ಒಂದೇ ಕೃತಿ ಎರಡು ಹೆಸರುಗಳಿಂದ ಎರಡು ಸಾಲುಗಳಾಗಿ ಸೇರಿಕೊಂಡರೆ ಯೂನಿಕ್ ಅದನ್ನು ತಡೆಯದು. ನಾಮಾಂತರಗಳಿಗೆ ಪ್ರತ್ಯೇಕ ಕೋಷ್ಟಕವನ್ನು ಇಡುವುದೊಂದೇ ದಾರಿ.

ಕನ್ನಡ ಲಿಪಿಯಲ್ಲಿ ಬರೆಯುವವರು ಮತ್ತೊಂದು ಸೂಕ್ಷ್ಮವನ್ನು ಗಮನಿಸಬೇಕು. ಯೂನಿಕೋಡ್ ಸಂಕೇತಪದ್ಧತಿಯಲ್ಲಿ ಒತ್ವದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಇಡಬಹುದು. ಎತ್ವದ ಮತ್ತು ಊಕಾರದ ಚಿಹ್ನೆಗಳೆರಡನ್ನು ಒಂದರ ಬೆನ್ನಿಗೆ ಒಂದಾಗಿಯೂ ಇಡಬಹುದು. ‘ಗೊಮ್ಮಟಸಾರ’ ಎಂಬುದರ ಮೊದಲ ಅಕ್ಷರ ಎರಡು ವಿಧದಲ್ಲಿಯೂ ತೆರೆಯ ಮೇಲೆ ಒಂದೇ ರೀತಿ ಕಾಣುತ್ತದೆ. ಸಂಕೇತಗಳನ್ನೇ ಹೋಲಿಸುವ ಯಂತ್ರಕ್ಕೆ ಅವು ಎರಡು ಬೇರೆ ಹೆಸರುಗಳು. ಕಣ್ಣಿಗೆ ಭೇದವೇ ಕಾಣದ ಎರಡು ಸಾಲುಗಳು ಅನನ್ಯತೆಯ ನಿರ್ಬಂಧವನ್ನು ದಾಟಿ ಒಳಗೆ ಬರುವುದು ಹೀಗೆ. ಇದಕ್ಕೆ ಪೋಸ್ಟ್‌ಗ್ರೆಸ್‌ಕ್ಯೂಎಲ್ ತಂತ್ರಾಂಶದ 2020ರ ಹದಿಮೂರನೆಯ ಆವೃತ್ತಿಯಿಂದ ಪರಿಹಾರವಿದೆ: ಪಠ್ಯವು ‘ನಾರ್ಮಲೈಜ್ಡ್’, ಎಂದರೆ ಏಕರೂಪಕ್ಕೆ ತಂದದ್ದು, ಆಗಿರಬೇಕೆಂಬ ಚೆಕ್ ನಿರ್ಬಂಧವನ್ನು ಹಾಕಬಹುದು. ‘ಗೊಮ್ಮಟ’, ‘ಗೋಮಟ’ ಎಂಬ ಬರಹಭೇದಗಳನ್ನು ಮಾತ್ರ ಯಾವ ನಿರ್ಬಂಧವೂ ಕೂಡಿಸಲಾರದು. ಅದು ಪಂಡಿತರ ಕೆಲಸ.

ಅನನ್ಯತೆ ಮತ್ತು ನಲ್ ಸೇರಿದಾಗಲೂ ಅಚ್ಚರಿಯೊಂದಿದೆ. ಕಟ್ಟಿನ ಗುರುತು ಇಲ್ಲದ ನೂರು ಪ್ರತಿಗಳನ್ನು ಒಂದೇ ಭಂಡಾರದಡಿ ಸೇರಿಸಿದರೂ ಬಹುತೇಕ ತಂತ್ರಾಂಶಗಳಲ್ಲಿ ಯೂನಿಕ್ ನಿರ್ಬಂಧ ಮೌನವಾಗಿರುತ್ತದೆ. ಒಂದು ನಲ್ ಇನ್ನೊಂದು ನಲ್ಲಿಗೆ ಸಮವಲ್ಲವೆಂಬ ಮೇಲಿನ ನ್ಯಾಯವೇ ಇದಕ್ಕೆ ಕಾರಣ. ಗುರುತಿಲ್ಲದ ಕಟ್ಟುಗಳು ಭಂಡಾರಗಳಲ್ಲಿ ಇರುವುದು ವಾಸ್ತವವಾದುದರಿಂದ ಇದು ಇಲ್ಲಿ ಉಪಕಾರವೇ ಆಗಿದೆ.

‘ಪ್ರೈಮರಿ ಕೀ’ ಎಂಬುದರ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಅನನ್ಯತೆಯೂ ನಾಟ್ ನಲ್ಲೂ ಕೂಡಿದ ಗುರುತು ಅದು. ಭಂಡಾರದ ಕಟ್ಟಿನ ಸಂಖ್ಯೆಯನ್ನೇ ಪ್ರಧಾನ ಗುರುತಾಗಿ ಮಾಡದಿರುವುದು ಲೇಸು. ಕಪಾಟುಗಳನ್ನು ಬದಲಾಯಿಸಿದಾಗ, ಭಂಡಾರಗಳು ಸೇರಿದಾಗ ಕಟ್ಟಿನ ಸಂಖ್ಯೆ ಬದಲಾಗುತ್ತದೆ. ಅರ್ಥವಿಲ್ಲದ ಕ್ರಮಸಂಖ್ಯೆ ಬದಲಾಗಬೇಕಾಗಿಲ್ಲ.

ಇನ್ನು ‘ಚೆಕ್’ ನಿರ್ಬಂಧ. ಇದರಲ್ಲಿ ಒಂದು ವಾಕ್ಯವನ್ನು ಕೊಡುತ್ತೇವೆ. ಸಾಲು ಸೇರುವಾಗ ಯಂತ್ರ ಆ ವಾಕ್ಯವನ್ನು ಪರೀಕ್ಷಿಸುತ್ತದೆ. ವಾಕ್ಯ ‘ಅಸತ್ಯ’ವಾದರೆ ಸಾಲನ್ನು ನಿರಾಕರಿಸುತ್ತದೆ. ‘ಅಜ್ಞಾತ’ವಾದರೆ ನಿರಾಕರಿಸುವುದಿಲ್ಲ. ಗರಿಗಳ ಸಂಖ್ಯೆ ಸೊನ್ನೆಗಿಂತ ಹೆಚ್ಚಾಗಿರಬೇಕು ಎಂದಾಗ ‘-5’ ಬರಲಾರದು, ಆದರೆ ಗರಿಗಳನ್ನು ಎಣಿಸದೆ ಬಿಟ್ಟ ಪ್ರತಿ ಸುಖವಾಗಿ ಒಳಗೆ ಬರುತ್ತದೆ.

ಪುಷ್ಪಿಕೆಗಳ ಕಾಲನಿರ್ದೇಶದಲ್ಲಿ ಚೆಕ್ ನಿರ್ಬಂಧದ ನಿಜವಾದ ಪ್ರಯೋಜನ ಕಾಣುತ್ತದೆ. ದಕ್ಷಿಣದೇಶದ ಪದ್ಧತಿಯಲ್ಲಿ ಗತಶಕವರ್ಷಕ್ಕೆ ಹನ್ನೆರಡನ್ನು ಕೂಡಿಸಿ ಅರವತ್ತರಿಂದ ಭಾಗಿಸಿದಾಗ ಉಳಿಯುವ ಶೇಷವೇ ಪ್ರಭವಾದಿ ಸಂವತ್ಸರಗಳ ಕ್ರಮಸಂಖ್ಯೆ. ಪಂಪನ ‘ಆದಿಪುರಾಣ’ದ ಕಾಲ ಶಕ 863, ಪ್ಲವ ಸಂವತ್ಸರ. 863ಕ್ಕೆ 12 ಕೂಡಿಸಿದರೆ 875, ಅರವತ್ತರಿಂದ ಭಾಗಿಸಿದರೆ ಶೇಷ 35, ಮೂವತ್ತೈದನೆಯದು ಪ್ಲವವೇ. ರನ್ನನ ‘ಅಜಿತಪುರಾಣ’ದ ಕಾಲ ಶಕ 915, ವಿಜಯ ಸಂವತ್ಸರ. ಕೂಡಿಸಿದರೆ 927, ಶೇಷ 27, ಅದು ವಿಜಯ. ಈ ಲೆಕ್ಕವನ್ನು ಚೆಕ್ ನಿರ್ಬಂಧವಾಗಿ ಬರೆದಿಟ್ಟರೆ, ಅಂಕಿಗಳನ್ನು ತಿರುಗುಮುರುಗಾಗಿ ಒತ್ತಿದ ಸೂಚಿಕಾರನ ಕೈತಪ್ಪು ಆ ಕ್ಷಣವೇ ಹಿಡಿಯಲ್ಪಡುತ್ತದೆ. ಭೂತಸಂಖ್ಯೆಗಳನ್ನು ಬಲದಿಂದ ಎಡಕ್ಕೆ ಓದಬೇಕೆಂಬುದನ್ನು ಮರೆತು ನೇರವಾಗಿ ಓದಿದವನೂ ಸಾಮಾನ್ಯವಾಗಿ ಸಿಕ್ಕಿಬೀಳುತ್ತಾನೆ. ‘ಸಮುದ್ರ’ ಶಬ್ದಕ್ಕೆ ನಾಲ್ಕೆಂದೂ ಏಳೆಂದೂ ಎರಡು ಅರ್ಥಗಳಿರುವಲ್ಲಿ, ಎರಡರಲ್ಲಿ ಯಾವುದು ಸಂವತ್ಸರಕ್ಕೆ ಹೊಂದುವುದೆಂಬುದೂ ಇದರಿಂದ ಗೊತ್ತಾಗುತ್ತದೆ.

ಆದರೆ ‘ಚಾವುಂಡರಾಯಪುರಾಣ’ದ ಕಾಲವನ್ನು ಇದೇ ಕೋಷ್ಟಕಕ್ಕೆ ಕೊಟ್ಟು ನೋಡಬೇಕು. ಶಕ 900, ಈಶ್ವರ ಸಂವತ್ಸರ. 912ನ್ನು ಅರವತ್ತರಿಂದ ಭಾಗಿಸಿದರೆ ಶೇಷ 12, ಅದು ಬಹುಧಾನ್ಯ, ಈಶ್ವರ ಹನ್ನೊಂದನೆಯದು. ಯಂತ್ರವು ಈ ಸಾಲನ್ನು ನಿರಾಕರಿಸುತ್ತದೆ. ಚಾವುಂಡರಾಯನು ತಪ್ಪಿದನೆ? ಇಲ್ಲ. 900 ಎಂಬುದನ್ನು ಕಳೆದ ವರ್ಷವೆಂದು ತಿಳಿಯದೆ ನಡೆಯುತ್ತಿರುವ ವರ್ಷವೆಂದು ತಿಳಿದರೆ ಗತವರ್ಷ 899 ಆಗುತ್ತದೆ, ಶೇಷ 11, ಈಶ್ವರವೇ ಬರುತ್ತದೆ. ಈ ಕಾರಣದಿಂದಲೇ ಮಾದರಿಯಲ್ಲಿ ‘ಗಣನೆ’ ಎಂಬ ಅಂಕಣವಿದೆ. ಗಣನೆ ‘ಗತ’ವಾದರೆ ಹನ್ನೆರಡನ್ನು, ‘ವರ್ತಮಾನ’ವಾದರೆ ಹನ್ನೊಂದನ್ನು ಕೂಡಿಸಬೇಕೆಂದು ನಿರ್ಬಂಧವನ್ನು ಬರೆಯಬೇಕು. ಗಣನೆಯ ಅಂಕಣವಿಲ್ಲದೆ ಲೆಕ್ಕದ ನಿರ್ಬಂಧವೊಂದನ್ನೇ ಹಾಕಿದ್ದರೆ, ಸೂಚಿಕಾರನು ಯಂತ್ರವನ್ನು ಒಪ್ಪಿಸುವುದಕ್ಕಾಗಿ 900ನ್ನು 899 ಎಂದೋ, ಈಶ್ವರವನ್ನು ಬಹುಧಾನ್ಯವೆಂದೋ ತಿದ್ದುತ್ತಿದ್ದನು. ಗ್ರಂಥಕರ್ತನ ಮಾತು ಕೋಷ್ಟಕದಲ್ಲಿ ಅಳಿದುಹೋಗುತ್ತಿತ್ತು.

ಅರವತ್ತನೆಯ ಸಂವತ್ಸರವಾದ ಅಕ್ಷಯಕ್ಕೆ ಶೇಷ 60 ಆಗಿ ಬರದೆ 0 ಆಗಿ ಬರುತ್ತದೆ. ಆದುದರಿಂದ ಸಂವತ್ಸರಸಂಖ್ಯೆಯನ್ನೂ ಅರವತ್ತರಿಂದ ಭಾಗಿಸಿ ಶೇಷಗಳೆರಡನ್ನು ಹೋಲಿಸಬೇಕು. ಹತ್ತನೆಯ ಶತಮಾನಕ್ಕೆ ಹಿಂದಿನ ಉಲ್ಲೇಖಗಳಿಗೆ, ನಡುನಡುವೆ ಸಂವತ್ಸರವೊಂದನ್ನು ಬಿಟ್ಟು ಎಣಿಸುವ ಬಾರ್ಹಸ್ಪತ್ಯ ಪದ್ಧತಿ ಬಳಕೆಯಲ್ಲಿದ್ದ ಕಾರಣ, ಈ ನಿಯಮ ಸಲ್ಲದು. ಉತ್ತರದ ಭಂಡಾರಗಳಿಂದ ಬಂದ, ವಿಕ್ರಮಶಕವನ್ನು ಹೇಳುವ ಪ್ರತಿಗಳಿಗೂ ಸಲ್ಲದು. ಲಿಪಿಕಾರನೇ ಸಂವತ್ಸರವನ್ನು ತಪ್ಪಾಗಿ ಬರೆದ ಪ್ರತಿಗಳೂ ಇವೆ. ಇಂತಹ ಎಡೆಗಳಲ್ಲಿ ‘ಉಕ್ತಪಾಠ’ದಲ್ಲಿ ಪುಷ್ಪಿಕೆಯ ಮಾತನ್ನು ಅಕ್ಷರಶಃ ಉಳಿಸಿ, ‘ನಿರ್ಣೀತಶಕ’ವನ್ನು ನಲ್ ಆಗಿ ಬಿಡಬೇಕು. ಆಗ ಚೆಕ್ ವಾಕ್ಯದ ಫಲ ಅಜ್ಞಾತವಾಗಿ ಸಾಲು ಒಳಗೆ ಬರುತ್ತದೆ. ಗರಿಗಳ ವಿಷಯದಲ್ಲಿ ತೊಡಕಾಗಿ ಕಂಡ ಚೆಕ್‌ನ ಸಡಿಲತೆ ಇಲ್ಲಿ ಉಪಕಾರಿ.

ಚೆಕ್ ನಿರ್ಬಂಧದ ಇನ್ನೊಂದು ಮಿತಿ ಎಂದರೆ ಅದು ಸಾಮಾನ್ಯವಾಗಿ ತನ್ನ ಸಾಲಿನಾಚೆಗೆ ನೋಡಲಾರದು. ಪ್ರತಿಯ ಲಿಪಿಕಾಲವು ಕೃತಿಯ ರಚನಾಕಾಲಕ್ಕಿಂತ ಹಿಂದಿನದಾಗಿರಬಾರದು ಎಂಬ ಸ್ವಯಂಸ್ಪಷ್ಟವಾದ ನಿಯಮವನ್ನು ಕೂಡ, ಎರಡು ಕಾಲಗಳೂ ಬೇರೆಬೇರೆ ಕೋಷ್ಟಕಗಳಲ್ಲಿರುವುದರಿಂದ, ಇದರಿಂದ ವಿಧಿಸಲಾಗದು. ಅದಕ್ಕೆ ‘ಟ್ರಿಗರ್’ ಎಂಬ ಬೇರೆ ಸಾಧನ ಬೇಕು.

‘ರೆಫರೆನ್ಸಸ್’ ಎಂಬ ಪದದಿಂದ ಹೇಳುವುದು ಪರಕೋಷ್ಟಕದ ಆಶ್ರಯ. ಭಂಡಾರದ ಅಂಕಣದಲ್ಲಿ ಬರುವ ಸಂಖ್ಯೆ ಭಂಡಾರಗಳ ಕೋಷ್ಟಕದಲ್ಲಿ ಇರಲೇಬೇಕು. ಇಲ್ಲದ ಭಂಡಾರದ ಪ್ರತಿ ಸೇರಲಾರದು. ‘ಮಾತೃಕೆ’ ಎಂಬ ಅಂಕಣ ತನ್ನ ಕೋಷ್ಟಕವನ್ನೇ ಆಶ್ರಯಿಸುತ್ತದೆ: ಕಾಗದದ ಪ್ರತಿಯೊಂದು ಯಾವ ಓಲೆಗರಿಯ ಪ್ರತಿಯಿಂದ ನಕಲಾಯಿತೆಂಬುದನ್ನು ಹೀಗೆ ದಾಖಲಿಸಬಹುದು. ಮೂಡುಬಿದರೆಯ ಸಿದ್ಧಾಂತ ಬಸದಿಯ ಧವಲಾದಿ ಗ್ರಂಥಗಳ ಓಲೆಪ್ರತಿಗಳಿಂದ ಹೊರಟ ಕಾಗದದ ನಕಲುಗಳ ವಂಶವನ್ನು ಗುರುತಿಸುವವರಿಗೆ ಈ ಅಂಕಣ ಅವಶ್ಯ. ಪ್ರತಿ ತನಗೆ ತಾನೇ ಮಾತೃಕೆಯಾಗಬಾರದೆಂಬ ಚೆಕ್ಕನ್ನೂ ಸೇರಿಸುವುದೊಳ್ಳೆಯದು. ಎರಡು ಪ್ರತಿಗಳು ಪರಸ್ಪರ ಮಾತೃಕೆಗಳಾಗಿ ನಿಂತರೆ ಮಾತ್ರ ಚೆಕ್ ಹಿಡಿಯಲಾರದು.

ಕೃತಿ ಮತ್ತು ಕರ್ತೃಗಳ ಸಂಬಂಧವನ್ನು ಕೃತಿಯ ಸಾಲಿನಲ್ಲಿ ‘ಕರ್ತೃ’ ಎಂಬ ಒಂದೇ ಅಂಕಣದಿಂದ ತೋರಿಸುವುದು ಸಾಲದು. ‘ಜಯಧವಲಾ’ ವೀರಸೇನರಿಂದ ಆರಂಭವಾಗಿ ಜಿನಸೇನರಿಂದ ಮುಗಿಯಿತು. ಜಿನಸೇನರ ‘ಆದಿಪುರಾಣ’ದ ಕೊನೆಯ ಭಾಗ ಗುಣಭದ್ರರದು. ಕೃತಿ ಮತ್ತು ಕರ್ತೃ ಎಂಬ ಎರಡು ಆಶ್ರಯಗಳುಳ್ಳ ಮೂರನೆಯ ಕೋಷ್ಟಕವನ್ನು ಮಾಡಿ, ಅವೆರಡರ ಜೋಡಿಯನ್ನೇ ಪ್ರಧಾನ ಗುರುತಾಗಿ ಇಡಬೇಕು.

ಆಶ್ರಯ ಕೊಟ್ಟ ಸಾಲನ್ನು ಅಳಿಸಿದರೆ ಆಶ್ರಿತ ಸಾಲುಗಳ ಗತಿಯೇನು? ಇದನ್ನು ಕೋಷ್ಟಕ ರಚಿಸುವಾಗಲೇ ಹೇಳಬೇಕು. ‘ಆನ್ ಡಿಲೀಟ್ ಕ್ಯಾಸ್ಕೇಡ್’ ಎಂದರೆ ಅವೂ ಅಳಿಯುತ್ತವೆ. ‘ಸೆಟ್ ನಲ್’ ಎಂದರೆ ಆಶ್ರಯದ ಸ್ಥಾನ ಬರಿದಾಗುತ್ತದೆ. ‘ರಿಸ್ಟ್ರಿಕ್ಟ್’ ಎಂದರೆ ಅಳಿಸಲು ಅವಕಾಶವಿಲ್ಲ. ಉಮಾಸ್ವಾತಿ, ಉಮಾಸ್ವಾಮಿ, ಗೃಧ್ರಪಿಚ್ಛ ಎಂಬ ಹೆಸರುಗಳು ಬೇರೆಬೇರೆ ಕೈಗಳಿಂದ ಮೂರು ಸಾಲುಗಳಾಗಿ ಸೇರಿದ್ದು, ಅನಂತರ ಒಂದೇ ಸಾಲಾಗಿ ಮಾಡಬೇಕೆಂದು ಮಂಡಲಿಯೊಂದು ತೀರ್ಮಾನಿಸಿತೆಂದು ಭಾವಿಸೋಣ. ಕ್ಯಾಸ್ಕೇಡ್ ಇರುವ ಕೋಷ್ಟಕದಲ್ಲಿ ಹೆಚ್ಚಿನ ಎರಡು ಹೆಸರುಗಳನ್ನು ಅಳಿಸಿದೊಡನೆ ಅವುಗಳ ಕೆಳಗೆ ದಾಖಲಾಗಿದ್ದ ‘ತತ್ತ್ವಾರ್ಥಸೂತ್ರ’ದ ಕರ್ತೃತ್ವದ ಸಾಲುಗಳೆಲ್ಲ ಮಾತಿಲ್ಲದೆ ಮಾಯವಾಗುತ್ತವೆ. ಗ್ರಂಥಸೂಚಿಗೆ ರಿಸ್ಟ್ರಿಕ್ಟ್ ಒಂದೇ ಉಚಿತ. ಮೊದಲು ಆಶ್ರಿತ ಸಾಲುಗಳನ್ನು ಒಂದೊಂದಾಗಿ ಹೊಸ ಆಶ್ರಯಕ್ಕೆ ಒಯ್ಯಬೇಕು, ಬಳಿಕ ಬರಿದಾದ ಹೆಸರನ್ನು ಅಳಿಸಬೇಕು. ವಾಸ್ತವವಾಗಿ ಅದನ್ನೂ ಅಳಿಸದೆ ನಾಮಾಂತರಗಳ ಕೋಷ್ಟಕಕ್ಕೆ ಸೇರಿಸುವುದು ಲೇಸು. ಆ ಹೆಸರುಗಳ ಏಕತೆಯ ವಿಷಯದಲ್ಲಿ ಪಂಡಿತರಲ್ಲಿ ಮತಭೇದವಿರುವುದು ವಿದಿತವೇ.

‘ತತ್ತ್ವಾರ್ಥಸೂತ್ರ’ದ ಮಾತು ಬಂದುದರಿಂದ ಒಂದು ಎಚ್ಚರಿಕೆಯನ್ನು ಇಲ್ಲಿಯೇ ಸೇರಿಸಬಹುದು. ಪೂರ್ಣಪ್ರತಿಯೆಂದು ನಮೂದಿಸಲು ಸೂತ್ರಸಂಖ್ಯೆ 357 ಇರಲೇಬೇಕೆಂದು ಚೆಕ್ ವಿಧಿಸಿದರೆ ದಿಗಂಬರ ಪಾಠದ ಪ್ರತಿಗಳಿಗೆ ಅದು ಸರಿ. ಶ್ವೇತಾಂಬರ ಪಾಠದಲ್ಲಿ ಸೂತ್ರಗಳು 344. ಅಂತಹ ಪೂರ್ಣಪ್ರತಿಯೊಂದು ಭಂಡಾರಕ್ಕೆ ಬಂದರೆ ಯಂತ್ರ ಅದನ್ನು ಅಪೂರ್ಣವೆಂದು ಬರೆಯಿಸುತ್ತದೆ. ಒಂದು ಆಮ್ನಾಯದ ಪಾಠವನ್ನೇ ಪ್ರಮಾಣವಾಗಿ ಹಿಡಿದ ಇಂತಹ ನಿರ್ಬಂಧವನ್ನು ಹಾಕುವ ಮುನ್ನ ಪಾಠಪರಂಪರೆಯ ಅಂಕಣವೊಂದನ್ನು ಸೇರಿಸುವುದು ಅಗತ್ಯ.

‘ಡಿಫಾಲ್ಟ್’ ಎಂಬುದು ನಿಜವಾಗಿ ನಿರ್ಬಂಧವಲ್ಲದಿದ್ದರೂ ಅದೇ ಸಾಲಿನಲ್ಲಿ ಬರುತ್ತದೆ. ಸೂಚಿಕಾರನು ಏನನ್ನೂ ಕೊಡದಿದ್ದಾಗ ಯಂತ್ರ ತಾನಾಗಿ ತುಂಬುವ ಮೌಲ್ಯ ಅದು. ದಾಖಲಾದ ದಿನಾಂಕವನ್ನು ಹೀಗೆ ತುಂಬಿಸಬಹುದು. ಲಿಪಿಯ ಅಂಕಣಕ್ಕೆ ‘ಕನ್ನಡ’, ಭಾಷೆಯ ಅಂಕಣಕ್ಕೆ ‘ಸಂಸ್ಕೃತ’ ಎಂಬ ಡಿಫಾಲ್ಟನ್ನು ಇಡುವುದು ಶ್ರಮವನ್ನು ಉಳಿಸುವಂತೆ ಕಂಡರೂ ಬಹಳ ಕೆಟ್ಟ ಪದ್ಧತಿ. ನಾಗರಿ ಲಿಪಿಯ ಪ್ರಾಕೃತ ಗ್ರಂಥವನ್ನು ನೋಡಿಯೂ ಆ ಅಂಕಣಗಳನ್ನು ಮುಟ್ಟದೆ ಬಿಟ್ಟವನಿಗೂ, ನಿಜವಾಗಿಯೇ ಕನ್ನಡ ಲಿಪಿಯನ್ನು ಕಂಡು ಬರೆದವನಿಗೂ ಕೋಷ್ಟಕದಲ್ಲಿ ಭೇದವಿರುವುದಿಲ್ಲ.

ತಂತ್ರಾಂಶಗಳಲ್ಲಿ ಇರುವ ಭೇದಗಳನ್ನು ಸಂಕ್ಷೇಪವಾಗಿ ಹೇಳಬೇಕು. ಮೈಎಸ್‌ಕ್ಯೂಎಲ್ ತಂತ್ರಾಂಶವು 2019ರ 8.0.16ನೆಯ ಆವೃತ್ತಿಗೆ ಮೊದಲು ಚೆಕ್ ನಿರ್ಬಂಧವನ್ನು ಓದಿ, ದೋಷವನ್ನೂ ಹೇಳದೆ, ಕೈಬಿಡುತ್ತಿತ್ತು. ಆ ಕಾಲದ ಸೂಚಿಗಳಲ್ಲಿ ನಿರ್ಬಂಧವನ್ನು ಬರೆದಿದ್ದ ಮಾತ್ರಕ್ಕೆ ಅದು ನಡೆದಿತ್ತೆಂದು ನಂಬಲಾಗದು. ಎಸ್‌ಕ್ಯೂಲೈಟ್ ಎಂಬ ಲಘು ತಂತ್ರಾಂಶದಲ್ಲಿ ಪರಕೋಷ್ಟಕದ ಆಶ್ರಯವನ್ನು ಜಾರಿಗೊಳಿಸಬೇಕೆಂದು ಪ್ರತಿ ಸಂಪರ್ಕದಲ್ಲಿಯೂ ಪ್ರತ್ಯೇಕವಾಗಿ ಹೇಳಬೇಕು; ಇಲ್ಲವಾದರೆ ಸಾಮಾನ್ಯವಾಗಿ ಅದು ಸುಮ್ಮನಿರುತ್ತದೆ. ಅದರಲ್ಲಿ ಪೂರ್ಣಾಂಕದ ಅಂಕಣದಲ್ಲಿ ‘ಸುಮಾರು ನೂರು’ ಎಂಬ ಪಠ್ಯವೂ ಕುಳಿತುಕೊಳ್ಳಬಲ್ಲುದು. 2021ರಿಂದ ಬಂದ ‘ಸ್ಟ್ರಿಕ್ಟ್’ ಕೋಷ್ಟಕಗಳಲ್ಲಿ ಮಾತ್ರ ಇದಕ್ಕೆ ತಡೆಯಿದೆ.

ಈಗಾಗಲೇ ತುಂಬಿದ ಹಳೆಯ ಸೂಚಿಗೆ ಹೊಸ ನಿರ್ಬಂಧವನ್ನು ಹೇಗೆ ಹಾಕಬೇಕೆಂಬುದು ಕೊನೆಯ ಪ್ರಶ್ನೆ. ಸಾಮಾನ್ಯವಾಗಿ, ಒಳಗಿರುವ ಒಂದೇ ಒಂದು ಸಾಲು ವಿರುದ್ಧವಾಗಿದ್ದರೂ ಯಂತ್ರ ನಿರ್ಬಂಧವನ್ನೇ ಸ್ವೀಕರಿಸುವುದಿಲ್ಲ. ಆಗ ವಿರುದ್ಧವಾದ ಸಾಲುಗಳನ್ನು ಒಟ್ಟಾಗಿ ತಿದ್ದಿಬಿಡುವ ಆತುರ ಉಂಟಾಗುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಚೆಕ್ ಮತ್ತು ಪರಕೋಷ್ಟಕದ ನಿರ್ಬಂಧಗಳಿಗೆ ‘ನಾಟ್ ವ್ಯಾಲಿಡ್’ ಎಂಬ ವಿಶೇಷಣವನ್ನು ಸೇರಿಸಿದರೆ ಹೊಸ ಸಾಲುಗಳಿಗೆ ನಿರ್ಬಂಧ ತಕ್ಷಣ ಅನ್ವಯಿಸುತ್ತದೆ, ಹಳೆಯವನ್ನು ಸದ್ಯಕ್ಕೆ ಮುಟ್ಟುವುದಿಲ್ಲ. ಪ್ರತಿ ನಿರ್ಬಂಧಕ್ಕೂ ‘ಶಕ_ಸಂವತ್ಸರ_ಸಾಮ್ಯ’ ಎಂಬಂತಹ ಅರ್ಥವತ್ತಾದ ಹೆಸರನ್ನು ಕೊಟ್ಟಿದ್ದರೆ, ನಿರಾಕರಣೆಯ ಸಂದೇಶದಲ್ಲಿ ಆ ಹೆಸರೇ ಬರುವುದರಿಂದ ಸೂಚಿಕಾರನಿಗೆ ತಪ್ಪು ಎಲ್ಲಿದೆಯೆಂಬುದು ತಿಳಿಯುತ್ತದೆ. ಹಳೆಯ ಸಾಲುಗಳಲ್ಲಿ ನಿಯಮಕ್ಕೆ ಹೊಂದದವುಗಳನ್ನು ಪ್ರಶ್ನೆಯೊಂದರಿಂದ ಹೊರತೆಗೆದು ಪಟ್ಟಿ ಮಾಡಬೇಕು. ಆ ಪಟ್ಟಿಯನ್ನು ಯಂತ್ರದ ಮುಂದೆ ಕುಳಿತು ತಿದ್ದಲಾಗದು. ಭಂಡಾರಕ್ಕೆ ಹೋಗಿ, ಪಲಗೆಗಳ ದಾರ ಬಿಚ್ಚಿ, ಒಂದೊಂದು ಕಟ್ಟಿನ ಕೊನೆಯ ಗರಿಯನ್ನು ಪುನಃ ಓದಬೇಕು. ಓದಿ ಮುಗಿದ ಮೇಲೆ ‘ವ್ಯಾಲಿಡೇಟ್ ಕನ್‌ಸ್ಟ್ರೇಂಟ್’ ಎಂಬ ಆಜ್ಞೆಯಿಂದ ಹಳೆಯ ಸಾಲುಗಳನ್ನೂ ನಿರ್ಬಂಧದೊಳಕ್ಕೆ ತರಬಹುದು.